ಮುಂಬೈ ಫುಟಪಾಥ, ನಮ್ಮ ಹೊಲದ ಶೆಡ್ಡು

ನಾನು ಹಾಡುವ ಮನುಷ್ಯ, ಬರೆಯುವ ಮನುಷ್ಯ ಅಲ್ಲ. ಡೊಳ್ಳಿನ ಪದ, ಭಜನೆ ಪದ ಅಂದರೆ ಬೆಳಗು ಹರಿಯುವ ತನಕ ಹಾಡುತ್ತೇನೆ. ಕಾಗದ ಮುಂದಿಟ್ಟುಕೊಂಡು ಕುಂತರೆ ನಾಲ್ಕು ಸಾಲಿಗೇ ಕೈ ನೋಯುತ್ತದೆ. ಆದರೂ ನಮ್ಮ ವಾಚನಾಲಯದ ಗುರುಗಳು ಬಿಡಲಿಲ್ಲ. "ಕಾಕಾ, ನೀವು ಮುಂಬೈದಾಗ ಹಮಾಲಿ ಮಾಡಿದವರು. ಆ ಹುಡುಗನ್ನ ಹುಡುಕಿ ಕರಕೊಂಡು ಬಂದವರೂ ನೀವೇ. ಅಲ್ಲಿ ರಸ್ತೆ ಮ್ಯಾಲ ನಶೆ ಮಾಡೋ ಮಂದೀದು ವಿಡಿಯೋ ನೋಡಿ ನಮ್ಮ ಹುಡುಗರು ನಗತಾರ. ನೀವು ಬರದ್ರ ನಗೂದು ಬಿಟ್ಟು ಓದ್ತಾರ" ಅಂದರು. ಅದಕ್ಕೆ ಕುಂತೆ. ಕಾಯಿದೆ, ಇಸವಿ, ಅಂಕಿ ಇವನ್ನು ಗುರುಗಳು ಓದಿ ತಿಳಿಸಿದ್ದಾರೆ. ಕಣ್ಣಿಲೆ ಕಂಡದ್ದು ಮಾತ್ರ ನನ್ನದು.

ನನ್ನ ಶಾಲೆ ಏಳನೆಯ ಇಯತ್ತೆಗೆ ನಿಂತಿತು. 1972ರ ಬರ ಜತ್ತ ತಾಲೂಕಿನ ಹಿರಿಯರು ಯಾರೂ ಮರೆತಿಲ್ಲ. ಅಪ್ಪ, ಅವ್ವ, ನಾನು ಮೂವರೂ ಸರಕಾರಿ ಕಾಮಗಾರಿ ಮೇಲೆ ಖಡಿ ಒಡೆದೆವು, ಸುಕಡಿ ತಿಂದೆವು. ಮುಂದೆ 1985ರಲ್ಲಿ ಮಳೆ ಮತ್ತೆ ಕೈಕೊಟ್ಟಾಗ ಮಿರಜಕ್ಕೆ ಹೋಗಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದೆ. ಮಸ್ಜಿದ್ ಬಂದರ ಠೇಸನದ ಹತ್ತಿರ ದಾಣಾ ಬಂದರ ಅಂತ ಕಾಳಿನ ಪೇಟೆ. ಅಲ್ಲಿ ಗುದಾಮಿನಿಂದ ಗಾಡಿಗೆ, ಗಾಡಿಯಿಂದ ಗುದಾಮಿಗೆ ಕ್ವಿಂಟಲ್ ಚೀಲ ಹೊರುವ ದಗದ. ರಾತ್ರಿ ಅದೇ ಹಾತಗಾಡಿಯ ಮೇಲೆ ಮಲಗುವುದು. ನಾಲ್ಕು ವರ್ಷ ಹಾಗೆ ಕಳೆದೆ.

ಆ ಪೇಟೆಯಲ್ಲಿ ಕುಡಿಯುವವರು ಇದ್ದರು, ಚಿಲುಮೆ ಸೇದುವವರೂ ಇದ್ದರು. ಅದು ನಮಗೇನೂ ಹೊಸದಲ್ಲ. ಹೊಸದಾಗಿ ಬಂದದ್ದು ಗರ್ದ. ಪತ್ರಿಕೆಯವರು ಅದಕ್ಕೆ ಬ್ರೌನ್ ಶುಗರ್ ಅಂತಿದ್ದರು. ಅಫೀಮಿನಿಂದ ತೆಗೆದ ಹೆರಾಯಿನ್‌ನ ಕೀಳು ಜಾತಿ ಅದು. ಮುಂಬೈಗೆ ಬಂದದ್ದು 1980ರ ಈಚೆಗೆ, ಅಫಘಾನಿಸ್ತಾನ, ಪಾಕಿಸ್ತಾನದ ಕಡೆಯಿಂದ ಕಳ್ಳದಾರಿಯಲ್ಲಿ. ಸಿಗರೇಟಿನ ಪಾಕೀಟಿನೊಳಗಿನ ಬೆಳ್ಳಿ ಕಾಗದದ ಮೇಲೆ ಚಿಟಿಕೆ ಪುಡಿ ಇಡುವುದು, ಕೆಳಗೆ ಕಡ್ಡಿ ಗೀರಿ ಹಿಡಿಯುವುದು, ಪುಡಿ ಕರಗಿ ಹರಿದಾಗ ಏಳುವ ಹೊಗೆಯನ್ನು ಸುರುಳಿ ಸುತ್ತಿದ ಕಾಗದದಿಂದ ಎಳೆಯುವುದು. ಇಷ್ಟೇ ಅದರ ಕೆಲಸ. ಸೇದುವವನಿಗೆ ಮುಂಬೈ ಮಂದಿ ಗರ್ದುಲ್ಲಾ ಅಂತ ಹೆಸರಿಟ್ಟರು. ಈಗಲೂ ಅದೇ ಹೆಸರು. ಯಾವ ನಶೆ ಮಾಡಿದರೂ, ಹರಕು ಅಂಗಿ ಹಾಕಿಕೊಂಡು ಫುಟಪಾಥದ ಮೇಲೆ ಬಿದ್ದಿದ್ದರೆ ಗರ್ದುಲ್ಲಾ.

ನಮ್ಮ ಟೋಳಿಯಲ್ಲೇ ಒಬ್ಬ ಇದ್ದ, ವಿಜಾಪುರ ಕಡೆಯವ. ನನಗಿಂತ ಗಟ್ಟಿ ಆಳು. ಮೊದಲು ಮೈನೋವಿಗೆ ಅಂತ ಸೇದಿದ. ಗರ್ದದಿಂದ ನೋವು ಹೋಗುವುದು ಖರೇನೇ, ಮೋಸ ಇರುವುದೂ ಅಲ್ಲೇ. ಎರಡು ತಿಂಗಳಲ್ಲಿ ಸೇದದಿದ್ದರೆ ಚೀಲ ಎತ್ತಲು ಆಗದ ಹಾಗಾದ. ಆರು ತಿಂಗಳಲ್ಲಿ ಸೇದಿದರೂ ಎತ್ತಲು ಆಗದ ಹಾಗಾದ. ಮೊದಲು ಪಗಾರ ಹೋಯಿತು, ಆಮೇಲೆ ಟ್ರಂಕು, ಆಮೇಲೆ ನಮ್ಮ ಜೇಬಿನ ರೊಕ್ಕ. ಟೋಳಿಯವರು ಹೊರಗೆ ಹಾಕಿದರು. ಎರಡನೇ ಮಳೆಗಾಲದಲ್ಲಿ ಅವನ ಹೆಣ ಠೇಸನದ ಗೋಡೆಗೆ ಒರಗಿತ್ತು. ಅವನ ಊರಿಗೆ ಪತ್ರ ಬರೆದವ ನಾನು. ಏಳನೆಯ ಇಯತ್ತೆಯ ಕನ್ನಡ ಆ ದಿನ ಉಪಯೋಗಕ್ಕೆ ಬಂತು.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಕಾಯಿದೆ ಬಂದದ್ದೂ ಅದೇ 1985ರಲ್ಲಿ. ಎನ್.ಡಿ.ಪಿ.ಎಸ್. ಅಂತಾರೆ. ಅದರ ಮರುವರ್ಷ, 1986ರಲ್ಲಿ, ಪುಣೆಯಲ್ಲಿ ಡಾಕ್ಟರ ಅನಿತಾ ಅವಚಟ ಮತ್ತು ಅವರ ಯಜಮಾನರು ಅನಿಲ ಅವಚಟ ಸೇರಿ ಮುಕ್ತಾಂಗಣ ಅನ್ನುವ ಬಿಡಿಸುವ ಕೇಂದ್ರ ತೆರೆದರು. ಅನಿಲ ಅವಚಟರು ಈ ಗರ್ದದ ಮೇಲೆಯೇ ಮರಾಠಿಯಲ್ಲಿ ಬರೆದವರು. ಹಾಗೆಂದರೆ ಹಿಡಿಯುವ ಕಾಯಿದೆ ಮತ್ತು ಬಿಡಿಸುವ ಮನೆ ಎರಡೂ ನಮ್ಮ ರಾಜ್ಯದಲ್ಲಿ ಒಂದೇ ಕಾಲಕ್ಕೆ ಬಂದವು. ಆದರೆ ದಾಣಾ ಬಂದರದ ಫುಟಪಾಥಕ್ಕೆ ಬಂದದ್ದು ಪೊಲೀಸರ ಲಾಠಿ ಒಂದೇ. ಬಿಡಿಸುವ ಮನೆ ಒಂದಿದೆ ಅಂತ ನಮ್ಮ ಹಮಾಲರಿಗೆ ಹೇಳಿದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇವರು ಜನರ ಎದುರಿಗೇ, ಠೇಸನದ ಬಾಜೂ, ಪುಲಿನ ಕೆಳಗೆ ಯಾಕೆ ಸೇದುತ್ತಾರೆ? ನಾಚಿಕೆ ಇಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಗರ್ದದ ಅಮಲು ನಾಲ್ಕಾರು ತಾಸಿನದು. ಅದು ಇಳಿಯುತ್ತ ಬಂದರೆ ಮೂಗು ಸೋರುತ್ತದೆ, ಮೈಮೇಲೆ ಮುಳ್ಳು ಏಳುತ್ತದೆ, ಎಲುಬಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ನೋವು, ವಾಂತಿ, ಭೇದಿ. ಆವಾಗ ಅವನಿಗೆ ಬೇಕಾದದ್ದು ಪುಡಿ ಮಾರುವವ ಮತ್ತು ಪುಡಿಗೆ ರೊಕ್ಕ. ಎರಡೂ ಸಿಗುವುದು ಮಂದಿ ಓಡಾಡುವ ಕಡೆ. ಅದಕ್ಕೇ ಠೇಸನ ಬಿಟ್ಟು ಅವನು ದೂರ ಹೋಗುವುದಿಲ್ಲ. ಮತ್ತೊಂದು, ಅವನಿಗೆ ಮನೆ ಇಲ್ಲ. ಮನೆ ಇದ್ದವರು ಬಾಗಿಲು ಹಾಕಿಕೊಂಡು ಮಾಡುತ್ತಾರೆ. ದೊಡ್ಡ ದೊಡ್ಡ ಬಿಲ್ಡಿಂಗಿನ ಹದಿನೈದನೇ ಮಾಳಿಗೆಯ ನಶೆ ಯಾರ ಮೊಬೈಲಿಗೂ ಸಿಗುವುದಿಲ್ಲ. ನಮ್ಮ ಹುಡುಗರು ನೋಡಿ ನಗುವುದು ಮನೆ ಇಲ್ಲದವನನ್ನು.

ಹಾಗಂತ ಹಾದಿಯಲ್ಲಿ ಹೋಗುವವರ ಅಂಜಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ನನ್ನ ತಂಗಿಯ ಮಗಳು ಮುಂಬೈಯಲ್ಲೇ ಒಂದು ಆಸ್ಪತ್ರೆಯಲ್ಲಿ ಆಯಾ. ರಾತ್ರಿ ಪಾಳಿ ಮುಗಿಸಿ ನಸುಕಿನಲ್ಲಿ ಹಾರ್ಬರ್ ಲೈನಿನ ಲೋಕಲ್ ಹಿಡಿಯುತ್ತಾಳೆ. "ಮಾಮಾ, ಆ ಪುಲ್ ಇಳಿಯೂ ಮುಂದ ಎದೀ ಢವಢವ ಅಂತೈತಿ. ಮೂರ್ನಾಕ ಮಂದಿ ಗೋಡೀಗೆ ಕುಂತಿರ್ತಾರ. ಇಲ್ಲೀ ತನಕ ನನಗ ಯಾರೂ ಏನೂ ಮಾಡಿಲ್ಲ. ಆದ್ರ ಮಾಡಂಗಿಲ್ಲ ಅಂತ ಯಾರು ಬರಕೊಟ್ಟಾರ?" ಅಂದಳು. ಅವಳ ಜೋಡಿ ಕೆಲಸ ಮಾಡುವ ಹೆಂಗಸಿನ ಮಂಗಳಸೂತ್ರ ಅದೇ ಮೆಟ್ಟಲ ಮೇಲೆ ಹೋಗಿತ್ತು. ಲೋಕಲ್ ಗಾಡಿಯ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತವರ ಕೈಗೆ ಹಳಿಯ ಬಾಜೂ ನಿಂತವರು ಕಟಗಿಯಿಂದ ಹೊಡೆದು, ಬಿದ್ದ ಮೊಬೈಲ್ ಒಯ್ಯುವುದೂ ಉಂಟು. ಅದಕ್ಕೆ ಅಲ್ಲಿ ಫಟಕಾ ಗ್ಯಾಂಗ್ ಅಂತಾರೆ. ಆ ಹೊಡೆತಕ್ಕೆ ಆಯ ತಪ್ಪಿ ಗಾಡಿಯಿಂದ ಬಿದ್ದು ಕೈಕಾಲು ಕಳಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಪುಡಿಯ ರೊಕ್ಕಕ್ಕಾಗಿ ಅದನ್ನು ಮಾಡುವವರು. ದಯೆಯ ಮಾತು ಆಡುವವರು ಆ ಹೆಣ್ಣುಮಗಳ ಜೋಡಿ ಒಮ್ಮೆ ಆ ಪುಲ್ ಇಳಿದು ನೋಡಬೇಕು.

ನಾನು ಒಂದು ನಸುಕಿನಲ್ಲಿ ಇಳಿದು ನೋಡಿದೆ. ಅವಳೇ ತೋರಿಸಿದಳು: "ಆ ಬಾಜೂ ಚಹಾದ ಟಪರಿ ಐತಿ, ನಾಕ ಗಂಟೆಕ್ಕ ಸ್ಟೋ ಹಚ್ಚತಾನ. ಅದಕ್ಕ ನಾವು ಎಲ್ಲಾ ಹೆಂಗಸರು ಆ ಕಡೆ ಮೆಟ್ಟಲಿಂದನೇ ಇಳೀತೀವಿ. ಈ ಕಡೆ ಲೈಟ್ ಇಲ್ಲ, ಅಂಗಡಿ ಇಲ್ಲ." ಎರಡೂ ಕಡೆ ಗರ್ದುಲ್ಲೆಗಳು ಇದ್ದರು. ಟಪರಿ ಇದ್ದ ಕಡೆ ಅಂಜಿಕೆ ಕಡಿಮೆ. ಆ ಚಹಾದವನಿಗೆ ಅಲ್ಲಿ ಕೂಡುವ ಒಬ್ಬೊಬ್ಬರ ಮುಖ ಗೊತ್ತು. ಅವರಿಗೂ ಇವನ ಕಣ್ಣು ತಮ್ಮ ಮೇಲಿದೆ ಅಂತ ಗೊತ್ತು. ರಾತ್ರಿ ಹೆಂಗಸರ ಡಬ್ಬಿಯಲ್ಲಿ ಒಬ್ಬ ಪೊಲೀಸ ಕುಂತಿದ್ದರೆ ಎಷ್ಟು ಧೈರ್ಯವೋ, ಪುಲಿನ ಕೆಳಗೆ ಒಂದು ದೀಪ ಮತ್ತು ಒಂದು ಟಪರಿ ಇದ್ದರೂ ಅಷ್ಟೇ ಧೈರ್ಯ. ನಮ್ಮ ಹೊಲದಲ್ಲಿ ಹಂದಿ ಕಾಯುವವರಿಗೆ ಇದು ಹೊಸ ಮಾತಲ್ಲ. ಅಟ್ಟಳಿಗೆಯ ಮೇಲೆ ಕಂದೀಲು ಉರಿಯುತ್ತಿದ್ದು ಮನುಷ್ಯರ ಧ್ವನಿ ಕೇಳುತ್ತಿದ್ದರೆ ಅರ್ಧ ಬೆಳೆ ಉಳಿದ ಹಾಗೆ.

ಆದರೆ ಮುಂಬೈಯಲ್ಲಿ ನಾನು ಹೆಚ್ಚಾಗಿ ಕಂಡದ್ದು ಓಡಿಸುವ ಕೆಲಸ. 1985ರಲ್ಲಿ ಕಂಡೆ, ಮೊನ್ನೆ ಹೋದಾಗಲೂ ಕಂಡೆ. ಪತ್ರಿಕೆಯಲ್ಲಿ ಸುದ್ದಿ ಬಂದರೆ, ಇಲ್ಲಾ ದೊಡ್ಡ ಮಂತ್ರಿ ಬರುವವರಿದ್ದರೆ, ಒಂದು ರಾತ್ರಿ ಗಾಡಿ ಬರುತ್ತದೆ. ಎಲ್ಲರನ್ನೂ ಎಬ್ಬಿಸಿ ಹೊಡೆದು ಓಡಿಸುತ್ತಾರೆ, ಅವರ ಗುದಡಿ ಒಯ್ಯುತ್ತಾರೆ. ನಾಲ್ಕು ದಿನ ಫುಟಪಾಥ ಸ್ವಚ್ಛ. ಇಲ್ಲಿಯವರು ಹಾರ್ಬರ್ ಲೈನಿನ ಮುಂದಿನ ಠೇಸನದ ಕೆಳಗೆ ಹೋಗಿ ಕೂಡುತ್ತಾರೆ. ಅಲ್ಲಿಯ ಮಂದಿ ತಕರಾರು ಮಾಡಿದರೆ ಮತ್ತೆ ಇಲ್ಲಿಗೆ. ಒಬ್ಬರ ಹೊಲದ ದನ ಇನ್ನೊಬ್ಬರ ಹೊಲಕ್ಕೆ ಹೊಡೆದ ಹಾಗೆ. ದನವೇನೋ ದೊಡ್ಡಿಗೆ ಹೋಗುತ್ತದೆ. ಇವರಿಗೆ ಆ ದೊಡ್ಡಿಯೂ ಇಲ್ಲ.

ಕಾಯಿದೆಯಲ್ಲಿ ಇದಕ್ಕೆ ದಾರಿ ಇಲ್ಲ ಅಂತಲ್ಲ. ಗುರುಗಳು ಓದಿ ಹೇಳಿದರು. ಗರ್ದ ಸೇದಿ ಸಿಕ್ಕವನಿಗೆ ಒಂದು ವರ್ಷದ ತನಕ ಸಜೆ, ಇಪ್ಪತ್ತು ಸಾವಿರದ ತನಕ ದಂಡ ಹಾಕಬಹುದು. ಆದರೆ ಅದೇ ಕಾಯಿದೆಯ 39ನೇ ಕಲಮಿನಲ್ಲಿ, ಚಟಕ್ಕೆ ಬಿದ್ದವನನ್ನು ಜೇಲಿನ ಬದಲು ಆಸ್ಪತ್ರೆಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. 64ಎ ಕಲಮಿನಲ್ಲಿ, ತಾನಾಗಿ ಚಿಕಿತ್ಸೆಗೆ ಬಂದವನ ಮೇಲೆ ಸೇದಿದ್ದಕ್ಕೆ, ಸಣ್ಣ ಪ್ರಮಾಣದ ಮಾಲಿಗೆ ಖಟ್ಲೆ ಇಲ್ಲ. ಚಿಕಿತ್ಸೆ ಪೂರಾ ಮುಗಿಸಬೇಕು ಅಷ್ಟೇ. ಮಾರುವವರಿಗೆ, ಮಾಡುವವರಿಗೆ ಬೇರೆ ಲೆಕ್ಕ. ಎಂ.ಡಿ. 50 ಗ್ರಾಮಿಗಿಂತ ಹೆಚ್ಚು ಸಿಕ್ಕರೆ ಅದು ವ್ಯಾಪಾರದ ಮಾಲು, ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಸಜೆ. ಬರೆದವರು ಸೇದುವವನನ್ನೂ ಮಾರುವವನನ್ನೂ ಬೇರೆ ಬೇರೆ ಮಾಡಿಯೇ ಬರೆದಿದ್ದಾರೆ. ಫುಟಪಾಥದ ಮೇಲೆ ನಿಂತ ಲಾಠಿಗೆ ಮಾತ್ರ ಈ ಫರಕು ಗೊತ್ತಾಗುವುದಿಲ್ಲ, ಯಾಕಂದರೆ ಕಣ್ಣಿಗೆ ಕಾಣುವವನು ಸೇದುವವನೊಬ್ಬನೇ.

ಈಗ ನಮ್ಮ ಹುಡುಗನ ಸಂಗತಿ. ಹೆಸರು ಬರೆಯುವುದಿಲ್ಲ, ಊರಿಗೆಲ್ಲ ಗೊತ್ತೇ ಇದೆ. ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ.

ಅವನು ನಮ್ಮ ಮೇಳದ ಡೊಳ್ಳಿನವ. ಹುಲಜಂತಿ ಜಾತ್ರೆಯಲ್ಲಿ ಪಾಲಕಿಗಳು ಕೂಡುವಾಗ ಅವನ ಕೈ ನೋಡಿದವರು ಮರೆತಿರಲಿಕ್ಕಿಲ್ಲ. ದ್ರಾಕ್ಷಿ ಬಾಗಿನ ಸಾಲ ಮೈಮೇಲೆ ಬಂದಾಗ ಮುಂಬೈಗೆ ಹೋದ. ಪಾರ್ಸಲ್ ಇಳಿಸುವ ರಾತ್ರಿ ಕೆಲಸ. ಜೋಡಿಯವರು ಎಂ.ಡಿ. ಕೊಟ್ಟರು. ಅದನ್ನು ಮೂಗಿನಿಂದ ಎಳೆದರೆ ನಿದ್ದೆ ಬರುವುದಿಲ್ಲ, ದಣಿವು ಗೊತ್ತಾಗುವುದಿಲ್ಲ, ಹಸಿವೂ ಇಲ್ಲ. ಎರಡು ಪಾಳಿ ಮಾಡಿದ, ಊರಿಗೆ ರೊಕ್ಕ ಹೆಚ್ಚು ಕಳಿಸಿದ. ಅವನಪ್ಪ ಸಾಲದ ಒಂದು ಕಂತು ಕಟ್ಟಿ ಪೇಢೆ ಹಂಚಿದ. ಆಮೇಲೆ ಹಗಲಿಗೂ ನಿದ್ದೆ ಹತ್ತದೆ ಹೋಯಿತು. ನಿದ್ದೆಗೆ ಅಂತ ಗರ್ದ ಹಿಡಿದ. ಏರಿಸಲು ಒಂದು, ಇಳಿಸಲು ಒಂದು. ಕೆಲಸ ಹೋಯಿತು, ಖೋಲಿ ಹೋಯಿತು, ಮೊಬೈಲ್ ಬಂದ್ ಆಯಿತು.

ಮೂರು ತಿಂಗಳು ಸುದ್ದಿ ಇಲ್ಲದಾಗ ಅವನಪ್ಪ ನನ್ನ ಕಟ್ಟೆಗೆ ಬಂದ. "ಅಣ್ಣಾ, ನಿನಗ ಆ ಪೇಟಿ ಗೊತ್ತೈತಿ. ನನ್ನ ಜೋಡಿ ಬಾ" ಅಂದ. ಇಬ್ಬರೂ ಹೋದೆವು. ನಾಲ್ಕು ದಿನ ಠೇಸನದಿಂದ ಠೇಸನಕ್ಕೆ ತಿರುಗಿದೆವು. ಕೈಯಲ್ಲಿ ಅವನ ಡೊಳ್ಳು ಹಿಡಿದ ಫೋಟೋ. ಕೆಲವರು ಬೈದರು, ಒಬ್ಬ ರೇಲ್ವೆ ಪೊಲೀಸ ಮಾತ್ರ ಕೂಡಿಸಿ ನೀರು ಕೊಟ್ಟು ಯಾವ ಯಾವ ಪುಲಿನ ಕೆಳಗೆ ನೋಡಬೇಕು ಅಂತ ಹೇಳಿದ. ನಾಲ್ಕನೇ ದಿನ ಒಬ್ಬ ಚಹಾದವ ಫೋಟೋ ನೋಡಿ ಬೆರಳು ಮಾಡಿ ತೋರಿಸಿದ.

ಎಂಟು ಹತ್ತು ಮಂದಿ ಗೋಡೆಗೆ ಒರಗಿದ್ದರು. ಅವನಪ್ಪ ಆ ಸಾಲಿನ ಮುಂದೆ ನಡೆದುಕೊಂಡು ಹೋಗಿ ಕೊನೆ ಮುಟ್ಟಿ, "ಇಲ್ಲಿಲ್ಲ ಅಣ್ಣಾ" ಅಂದ. ಹೆತ್ತ ಅಪ್ಪನಿಗೇ ಗುರುತು ಸಿಗಲಿಲ್ಲ. ಆಗ ಸಾಲಿನ ನಡುವಿನಿಂದ "ಕಾಕಾ, ನೀವ್ಯಾಕ ಬಂದ್ರಿ?" ಅಂತ ಕನ್ನಡ ಕೇಳಿತು. ಹಲ್ಲು ಎರಡು ಬಿದ್ದಿದ್ದವು, ಕಾಲಿನ ಮೇಲೆ ಹುಣ್ಣು. ಅವನ ಬಾಜೂ ಒಬ್ಬ ಮುದುಕ ಕುಂತಿದ್ದ, ಅವನೂ ಸೇದುವವನೇ. ತನ್ನ ಹರಕು ಕಂಬಳಿ ತೆಗೆದು ಹುಡುಗನ ಹೆಗಲಿಗೆ ಹಾಕಿ "ಘರ್ ಲೇ ಜಾವ್ ಬಾಬಾ, ಜಲ್ದಿ ಲೇ ಜಾವ್" ಅಂದ. ಆ ಮುದುಕನನ್ನು ಹುಡುಕಿಕೊಂಡು ಯಾವ ಊರಿಂದ ಯಾರೂ ಬಂದಿರಲಿಲ್ಲ ಅಂತ ಕಾಣುತ್ತದೆ.

ಅವತ್ತೇ ಊರಿಗೆ ತರಲಿಲ್ಲ. ನನ್ನ ತಂಗಿಯ ಮಗಳು ಬುದ್ಧಿವಂತೆ. "ಮಾಮಾ, ಹಂಗ ಗಾಡ್ಯಾಗ ಕುಂಡ್ರಿಸಿಕೊಂಡು ಹೋದ್ರ ಪುಣೆ ದಾಟೂದ್ರೊಳಗ ಜಿಗದು ಓಡತಾನ. ಮೊದಲ ಡಾಕ್ಟರಿಗೆ ತೋರಸೂಣು" ಅಂದಳು. ಡಾಕ್ಟರು ಭರತಿ ಮಾಡಿಕೊಂಡರು. ಎರಡು ಮೂರು ದಿನ ನೋಡಲಾಗದ ಸಂಕಟ. ಆಮೇಲೆ ನಾಲಿಗೆಯ ಕೆಳಗೆ ಇಡುವ ಒಂದು ಗುಳಿಗೆ ಶುರು ಮಾಡಿದರು. ಅದನ್ನು ತಗೊಂಡರೆ ನೋವು ತಡೆಯುತ್ತದೆ, ಮನುಷ್ಯ ಕೆಲಸಕ್ಕೆ ಬರುತ್ತಾನೆ. ಡಾಕ್ಟರು ಒಂದು ಮಾತು ಎರಡೆರಡು ಸಲ ಹೇಳಿದರು: ಕೆಲವು ದಿನ ಬಿಟ್ಟವನು ಮತ್ತೆ ಮೊದಲಿನಷ್ಟೇ ಗರ್ದ ತಗೊಂಡರೆ ಅವನ ಮೈ ಅದನ್ನು ತಾಳುವುದಿಲ್ಲ, ಉಸಿರು ನಿಂತು ಸಾಯುತ್ತಾನೆ. ಬಿಡಿಸುವುದಕ್ಕಿಂತ ಬಿಟ್ಟ ಮೇಲೆ ಕಾಯುವುದು ದೊಡ್ಡದು. ನನ್ನ ಟೋಳಿಯ ವಿಜಾಪುರದವನನ್ನು ಟೋಳಿ ಹೊರಗೆ ಹಾಕಿತ್ತು, ಕಾಯುವವರು ಯಾರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಏಳು ತಿಂಗಳು ಚೆನ್ನಾಗಿದ್ದ. ಎಂಟನೇ ತಿಂಗಳು ಒಮ್ಮೆ ಜಾರಿದ. ಅವನ ಅವ್ವ ಬಾಯಿ ಮುಚ್ಚಿಕೊಂಡು ಅಳಲಿಲ್ಲ, ಅವತ್ತೇ ನನ್ನ ಮನೆಗೆ ಬಂದು ಹೇಳಿದಳು. ಮತ್ತೆ ಕರಕೊಂಡು ಹೋದೆವು. ಅದಾಗಿ ಒಂದೂವರೆ ವರ್ಷ ಆಯಿತು. ತೊಗರಿ ಹೊಲ ನೋಡುತ್ತಾನೆ, ಆಡು ಸಾಕಿದ್ದಾನೆ. ಮುಂದೆ ಹೆಂಗೋ, ದಾನಮ್ಮ ತಾಯಿಗೆ ಗೊತ್ತು.

ಆದರೆ ನನಗೆ ಹೆಚ್ಚು ಸಂಕಟ ಆದದ್ದು ಮುಂಬೈಯಲ್ಲಿ ಅಲ್ಲ, ಇಲ್ಲಿ. ಊರಿಗೆ ಬಂದ ಎಂಟು ದಿನಕ್ಕೇ ಹುಡುಗರು ಅವನನ್ನು ಗರ್ದುಲ್ಲಾ ಅಂತ ಕರೆಯಲು ಶುರು ಮಾಡಿದರು. ಮುಂಬೈಯ ಫುಟಪಾಥದ ಹೆಸರು ಬಸ್ಸಿಲ್ಲದ ನಮ್ಮೂರಿಗೂ ಬಂತು. ಗುಡ್ಡಾಪುರದ ಅಮವಾಸ್ಯೆಗೆ ಮೇಳ ಹೊರಡುವಾಗ ಇಬ್ಬರು ಹಿರಿಯರು ಬಂದು, "ಅಂವ ಡೊಳ್ಳು ಮುಟ್ಟೂದು ಬ್ಯಾಡ, ದೇವರ ಡೊಳ್ಳು ಅದು" ಅಂದರು. ನಾನು ಅವರಿಗೆ ಕೈಮುಗಿದು ಕೇಳಿದೆ: "ಯಪ್ಪಾ, ಹೋದ ಜಾತ್ರ್ಯಾಗ ಕುಡದು ಬಂದು ಡೊಳ್ಳು ಬಾರಿಸಿದವರು ಯಾರ್ಯಾರು ಅಂತ ಹೆಸರು ಹೇಳಲೇನ್ರಿ? ಅವರು ದಿನಾ ಕುಡಿಯೂದು ಬಿಟ್ಟಿಲ್ಲ. ಇಂವ ಬಿಟ್ಟಾನ." ಮಾತು ಅಲ್ಲಿಗೆ ಮುಗಿಯಿತು. ಅವನು ಬಂದ, ಬಾರಿಸಿದ. ಕೈ ಮೊದಲಿನ ಹಾಗಿಲ್ಲ, ಲಯ ಇದೆ.

ಕುಡಿತದ ಮಾತು ಸುಮ್ಮನೆ ತೆಗೆಯಲಿಲ್ಲ. ದಿಲ್ಲಿಯ ಏಮ್ಸ್ ಆಸ್ಪತ್ರೆಯವರು ಸರಕಾರಕ್ಕಾಗಿ ಮಾಡಿ 2019ರಲ್ಲಿ ಹೊರಗೆ ತಂದ ಪಹಣಿಯಲ್ಲಿ, ದೇಶದಲ್ಲಿ ಮದ್ಯ ಕುಡಿಯುವವರು 16 ಕೋಟಿ, ಅಫೀಮು, ಗರ್ದ ಇಂಥ ಜಾತಿಯ ನಶೆ ಮಾಡುವವರು ಎರಡು ಕೋಟಿಗೂ ಸ್ವಲ್ಪ ಹೆಚ್ಚು ಅಂತ ಬರೆದಿದ್ದಾರೆ. ಪಂಚರ್ ಸೊಲ್ಯೂಶನ್, ವೈಟ್ನರ್ ಇಂಥವನ್ನು ಅರಿವೆಗೆ ಹಾಕಿ ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಅಂತಲೂ ಇದೆ. ಶಾಲೆಯ ಗುರುಗಳು ಈ ಸಾಲು ಎರಡು ಸಲ ಓದಬೇಕು. ಸೈಕಲ್ ಅಂಗಡಿ ಎಲ್ಲ ಊರಲ್ಲೂ ಇದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಮುಂಬೈಯ ಪುಲಿನ ಕೆಳಗೆ ನಮ್ಮ ಹುಡುಗ ಎಳೆದ ಎಂ.ಡಿ. ಎಲ್ಲಿಂದ ಬಂತು? ಗರ್ದದ ಹಾಗೆ ಅದು ಗಡಿ ದಾಟಿ ಬರಬೇಕಿಲ್ಲ. ಎಂ.ಡಿ. ಗಿಡದಿಂದ ಬರುವುದಲ್ಲ, ರಾಸಾಯನಿಕಗಳನ್ನು ಕೂಡಿಸಿ ಮಾಡುವುದು. 2015ರಲ್ಲಿ ಅದನ್ನು ಎನ್.ಡಿ.ಪಿ.ಎಸ್. ಕಾಯಿದೆಗೆ ಸೇರಿಸಿದರು. 2023ರ ಅಕ್ಟೋಬರದಲ್ಲಿ ಮುಂಬೈ ಪೊಲೀಸರು ಸೋಲಾಪುರದ ಹತ್ತಿರ ಚಿಂಚೋಳಿ ಎಂ.ಐ.ಡಿ.ಸಿ.ಯಲ್ಲಿ ಎಂ.ಡಿ. ಮಾಡುವ ಕಾರಖಾನೆ ಹಿಡಿದರು. ಸರಿ, ಅದು ಎಂ.ಐ.ಡಿ.ಸಿ. ಅಂತ ನಾವು ಸುಮ್ಮನಾದೆವು. 2024ರ ಮಾರ್ಚಿನಲ್ಲಿ ಏನಾಯಿತು? ಮುಂಬೈಯ ಕುರ್ಲಾದಲ್ಲಿ ಹಿಡಿದ ಒಂದು ಕಿಲೋಕ್ಕಿಂತ ಕಡಿಮೆ ಮಾಲಿನ ಎಳೆ ಹಿಡಿದುಕೊಂಡು ಬಂದ ಪೊಲೀಸರು ಕೊನೆಗೆ ಬಂದು ನಿಂತದ್ದು ಇರಳಿಯಲ್ಲಿ. ಇರಳಿ ಅಂದರೆ ಕವಠೆ ಮಹಾಂಕಾಳ ತಾಲೂಕಿನ ಹಳ್ಳಿ, ನಮ್ಮ ಪಕ್ಕದ ತಾಲೂಕು, ದ್ರಾಕ್ಷಿಯ ಸೀಮೆ. ಅಲ್ಲಿ ನೂರು ಕಿಲೋಕ್ಕೂ ಹೆಚ್ಚು ಎಂ.ಡಿ. ಸಿಕ್ಕಿತು. ಬೆಲೆ ಇನ್ನೂರು ಕೋಟಿಗೂ ಮೇಲೆ ಅಂತ ಪತ್ರಿಕೆಯಲ್ಲಿ ಬಂತು.

ನಮ್ಮ ಹುಡುಗ ಎಳೆದದ್ದು ಅದೇ ಮಾಲು ಅಂತ ನಾನು ಹೇಳಲಾರೆ. ಆದರೆ ಕುರ್ಲಾದ ರಸ್ತೆ ಮತ್ತು ನಮ್ಮ ಕಡೆಯ ಹಳ್ಳಿ ಒಂದೇ ಹಗ್ಗದ ಎರಡು ತುದಿ ಅಂತ ಪೊಲೀಸರೇ ತೋರಿಸಿಕೊಟ್ಟರು. ಆ ತುದಿಯಲ್ಲಿ ಬಿದ್ದವನು ಎಲ್ಲರ ಕಣ್ಣಿಗೆ ಕಾಣುತ್ತಾನೆ, ಅವನ ವಿಡಿಯೋ ತೆಗೆಯುತ್ತಾರೆ, ಅವನಿಗೆ ಲಾಠಿ ಬೀಳುತ್ತದೆ. ಈ ತುದಿಯಲ್ಲಿ ಇರುವವನು ಕಾರಿನಲ್ಲಿ ಬರುತ್ತಾನೆ. "ಕಾಕಾ, ಹೊಲದಾಗಿನ ಶೆಡ್ಡು ಖಾಲಿ ಐತಲ್ಲ, ತಿಂಗಳಿಗೆ ಹತ್ತು ಸಾವಿರ ಕೊಡ್ತೀನಿ, ಔಷಧದ ಗುದಾಮು ಮಾಡತೀನಿ" ಅಂದರೆ, ಸಾಲದಲ್ಲಿ ಮುಳುಗಿದ ರೈತ ಏನು ಕೇಳುತ್ತಾನೆ? ಯಾವ ಔಷಧ, ರಾತ್ರಿಯೇ ಯಾಕೆ ಬ್ಯಾರಲ್ ಇಳಿಯುತ್ತವೆ, ಈ ಘಾಟು ವಾಸನೆ ಏತರದು ಅಂತ ಕೇಳುವ ಧೈರ್ಯ ಹತ್ತು ಸಾವಿರದ ಮುಂದೆ ನಿಲ್ಲುವುದು ಕಠಿಣ. ನನಗದು ಅರ್ಥ ಆಗುತ್ತದೆ. ಸಾಲ ಏನು ಅಂತ ನನಗೂ ಗೊತ್ತು.

ಆದರೆ ಕಾಯಿದೆಗೆ ಅದು ಅರ್ಥ ಆಗುವುದಿಲ್ಲ. 25ನೇ ಕಲಮಿನ ಪ್ರಕಾರ, ಗೊತ್ತಿದ್ದೂ ತನ್ನ ಜಾಗವನ್ನು ಇಂಥ ಕೆಲಸಕ್ಕೆ ಬಿಟ್ಟುಕೊಟ್ಟವನಿಗೆ, ಆ ಕೆಲಸ ಮಾಡಿದವನಿಗೆ ಎಷ್ಟು ಸಜೆಯೋ ಅಷ್ಟೇ ಸಜೆ. ಕಬ್ಬಿನ ನಡುವೆ, ಮೆಕ್ಕೆಜೋಳದ ನಡುವೆ ಗಾಂಜಾ ಹಾಕಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಕಡೆಯ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ಗಾಂಜಾ ಬೆಳೆದರೆ ಹತ್ತು ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ಇಂಥ ಬೆಳೆ ಕಂಡರೆ ತಿಳಿಸುವುದು ಸರಪಂಚ, ಪಂಚರ ಕರ್ತವ್ಯ ಅಂತ 47ನೇ ಕಲಮಿನಲ್ಲಿ ಬರೆದೇ ಇದೆ. ಇದು ಗೊತ್ತಿರುವ ಪಂಚರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಗ್ರಾಮಸಭೆಯಲ್ಲಿ ಒಮ್ಮೆ ಓದಿ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಮುಂಬೈ ಸುರಕ್ಷಿತ ಆಗಬೇಕು, ನನ್ನ ತಂಗಿಯ ಮಗಳು ನಸುಕಿನಲ್ಲಿ ಅಂಜಿಕೆ ಇಲ್ಲದೆ ಪುಲ್ ಇಳಿಯಬೇಕು ಅಂತ ನನಗೂ ಆಸೆ ಇದೆ. ಅದಕ್ಕೆ ಅಲ್ಲಿ ಆಗಬೇಕಾದದ್ದು ಇದೆ: ದೀಪ, ಟಪರಿ, ಮುಖ ಗುರುತಿಸುವ ಪೊಲೀಸ, ಠೇಸನದ ಹತ್ತಿರವೇ ಗುಳಿಗೆ ಕೊಡುವ ದವಾಖಾನೆ. ಮಂದಿಯನ್ನು ಒಂದು ಪುಲಿನಿಂದ ಇನ್ನೊಂದು ಪುಲಿಗೆ ಓಡಿಸಿದರೆ ಅವಳ ಅಂಜಿಕೆ ಬೇರೊಬ್ಬಳ ಪಾಲಿಗೆ ಹೋಗುತ್ತದೆ, ಅಷ್ಟೇ. ಅಲ್ಲಿಯದು ಅಲ್ಲಿಯವರು ಮಾಡಲಿ. ಇಲ್ಲಿ ನಾವು ಮಾಡುವುದನ್ನು ನಾವು ಮಾಡಬೇಕು.

ಮಗ ಮುಂಬೈಗೆ, ಪುಣೆಗೆ ಹೋದವನು ಒಮ್ಮೆಲೇ ಹೆಚ್ಚು ರೊಕ್ಕ ಕಳಿಸಿದರೆ ಪೇಢೆ ಹಂಚುವ ಮೊದಲು "ತಮ್ಮಾ, ನಿದ್ದಿ ಮಾಡತೀಯೇನು?" ಅಂತ ಕೇಳಿ. ಎರಡು ವಾರ ಫೋನ್ ಹತ್ತದಿದ್ದರೆ ನಾಚಿಕೆ ಬಿಟ್ಟು ಯಾರಾದರೂ ಹೋಗಿ ನೋಡಿ ಬನ್ನಿ. ಚಟ ಬಿಡಿಸಲು ಎಲ್ಲಿ ಹೋಗಬೇಕು ಅಂತ ಕೇಳಲು 14446 ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಮಾರುವವರ, ಮಾಡುವವರ ಸುದ್ದಿ ಕೊಡಲು 1933 ಇದೆ. ಎರಡೂ ನಂಬರು ವಾಚನಾಲಯದ ಗೋಡೆಗೆ ಬರೆಸಿದ್ದೇವೆ. ಹೊಲದ ಶೆಡ್ಡು ಬಾಡಿಗೆಗೆ ಕೇಳಿ ಬಂದವನ ಆಧಾರ ಕಾರ್ಡು ನೋಡಿ, ವಾರಕ್ಕೊಮ್ಮೆ ಬಾಗಿಲು ತೆಗೆಸಿ ಒಳಗೆ ಹೋಗಿ ನೋಡಿ. ಬಾಗಿಲು ತೆಗೆಯಲು ಒಲ್ಲೆ ಅಂದರೆ ಅಲ್ಲೇ ತಿಳಿದುಕೊಳ್ಳಿ.

ಕೊನೆಗೆ ನಮ್ಮ ಹುಡುಗರಿಗೆ ಒಂದು ಮಾತು. ಆ ವಿಡಿಯೋದಲ್ಲಿ ತೂಕಡಿಸುತ್ತ ನಿಂತವನನ್ನು ನೋಡಿ ನಗಬೇಡ್ರಪಾ. ಅವನಿಗೂ ಒಂದು ಊರು ಇರುತ್ತದೆ, ಆ ಊರಲ್ಲಿ ಅವನ ಫೋಟೋ ಹಿಡಿದುಕೊಂಡು ಕುಂತವರು ಇರುತ್ತಾರೆ. ಗುಡ್ಡಾಪುರದ ಅಮವಾಸ್ಯೆ ಬಂದಾಗ ಮೇಳಕ್ಕೆ ಬನ್ನಿ. ಡೊಳ್ಳು ಕಲಿಯಬೇಕು ಅನ್ನುವವರಿಗೆ ಕಲಿಸುವವನು ಯಾರು ಅಂತ ನಿಮಗೆ ಗೊತ್ತು. ಅವನ ಹೆಸರು ಹಿಡಿದು ಅಣ್ಣಾ ಅಂತ ಕರೆಯಿರಿ.